ಉಪ್ಪು ಕರೆದಲ್ಲಿಗೆ ನೀರು

ವಾಂತಿಭೇದಿಯಿಂದ ಸೊರಗಿ ತಾಲ್ಲೂಕು ಊರಿನ ಕ್ಲಿನಿಕ್ಕಿಗೆ ಬರುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ: ‘ಡಾಕ್ಟ್ರೇ, ಒಂದ್ ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ.’ ಬಾಟಲಿ ಏರಿಸದ ಡಾಕ್ಟರು ಡಾಕ್ಟರೇ ಅಲ್ಲ ಎಂದುಕೊಂಡವರೂ ಇದ್ದಾರೆ. ಹಾಗೆ ಏರಿಸಿದ್ದರಲ್ಲಿ ಬಹಳ ಸಲ ಗ್ಲೂಕೋಸ್ ಇರುವುದೇ ಇಲ್ಲ. ಇರುವುದು ನಾರ್ಮಲ್ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ಶುದ್ಧ ನೀರು. ಪಕ್ಕದ ಮೆಡಿಕಲ್ ಶಾಪಿನಲ್ಲಿ ಸಿಗುವ ಒಆರ್‌ಎಸ್ ಪೊಟ್ಟಣದಲ್ಲೂ ಇರುವುದು ಅದೇ ಉಪ್ಪು, ಜೊತೆಗೆ ಸಕ್ಕರೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅದು ಪುಕ್ಕಟೆಯಾಗಿಯೂ ಸಿಗುತ್ತದೆ. ಎಚ್ಚರವಿದ್ದು ಕುಡಿಯಬಲ್ಲ ರೋಗಿಗೆ ಈ ಪೊಟ್ಟಣ ಸಾಮಾನ್ಯವಾಗಿ ಸೂಜಿಯಷ್ಟೇ ಕೆಲಸ ಮಾಡುತ್ತದೆ. ಆದರೂ ಅದಕ್ಕೆ ಬಾಟಲಿಯ ಗತ್ತಿಲ್ಲ.

ಇದಕ್ಕೆ ಜನರನ್ನು ದೂರಿ ಫಲವಿಲ್ಲ. ರಕ್ತನಾಳಕ್ಕೆ ಉಪ್ಪುನೀರು ಕೊಡಬಹುದೆಂದು ಗೊತ್ತಾದ ಮೇಲೂ ಅದೇ ಉಪ್ಪುನೀರನ್ನು ಬಾಯಿಂದ ಕೊಡಬಹುದೆಂದು ಒಪ್ಪಲು ವೈದ್ಯಲೋಕಕ್ಕೆ ನೂರಾಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕಾಲರಾ ಇಂಗ್ಲೆಂಡಿನ ದಡ ಮುಟ್ಟಿದ್ದು 1831ರಲ್ಲಿ. ಆಗಿನ ಚಿಕಿತ್ಸೆಯೆಂದರೆ ರಕ್ತ ತೆಗೆಯುವುದು, ಇಲ್ಲವೇ ಭೇದಿಗೆ ಮತ್ತಷ್ಟು ಭೇದಿ ಔಷಧ. ಮೊದಲೇ ಒಣಗಿಹೋದವನನ್ನು ಇನ್ನಷ್ಟು ಹಿಂಡುವ ಕೆಲಸ. ವಿಲಿಯಂ ಬ್ರೂಕ್ ಓಶಾಗ್ನೆಸಿ ಎಂಬ ಇಪ್ಪತ್ತೆರಡರ ಐರಿಶ್ ತರುಣ ರೋಗಿಗಳ ರಕ್ತವನ್ನು ಪರೀಕ್ಷೆಗಿಟ್ಟು, ಅದರಲ್ಲಿ ನೀರೂ ಉಪ್ಪೂ ಕ್ಷಾರವೂ ಕಡಿಮೆಯಾಗಿವೆ, ಹಾಗೆ ಕಳೆದುಹೋದದ್ದು ಮಲದಲ್ಲಿ ಸಿಗುತ್ತದೆ ಎಂದು ತೋರಿಸಿಕೊಟ್ಟ. (ಮುಂದೆ ಭಾರತಕ್ಕೆ ಬಂದು ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ.) ಅದನ್ನು ಓದಿದ ಸ್ಕಾಟ್ಲೆಂಡಿನ ಥಾಮಸ್ ಲಾಟಾ 1832ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದ. ನಾಡಿ ಸಿಗದೆ, ಕಣ್ಣು ಗುಳಿಬಿದ್ದು ಕೊನೆಯುಸಿರೆಳೆಯುತ್ತಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಕೊಳವೆ ತೂರಿಸಿ ಉಪ್ಪುನೀರು ಹರಿಸತೊಡಗಿದ. ಮೂರು ಲೀಟರಿನಷ್ಟು ಒಳಹೋಗುವ ಹೊತ್ತಿಗೆ ಆಕೆಯ ಮುಖಕ್ಕೆ ಕಳೆ ಬಂತು, ಮೈ ಬೆಚ್ಚಗಾಯಿತು, ಮಾತಾಡಿದಳು. ಗೆದ್ದೆನೆಂದುಕೊಂಡ ಲಾಟಾ ಆಕೆಯನ್ನು ಆಸ್ಪತ್ರೆಯ ಇನ್ನೊಬ್ಬ ವೈದ್ಯನಿಗೆ ಒಪ್ಪಿಸಿ ಹೋದ. ವಾಂತಿಭೇದಿ ಮರುಕಳಿಸಿತು, ಮತ್ತೆ ಯಾರೂ ನೀರು ಕೊಡಲಿಲ್ಲ. ಕೆಲವೇ ತಾಸಿನಲ್ಲಿ ಮುದುಕಿ ತೀರಿಕೊಂಡಳು. ಹೋದದ್ದು ಎಷ್ಟೋ ಅಷ್ಟನ್ನೂ ಹೋಗುತ್ತಿರುವಷ್ಟು ಹೊತ್ತೂ ತುಂಬುತ್ತಲೇ ಇರಬೇಕು ಎಂಬ ಲೆಕ್ಕ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಲಾಟಾ ಮರುವರ್ಷವೇ ಸತ್ತ. ಅವನ ವಿಧಾನ ಮೂಲೆ ಸೇರಿತು.

ಕಾಲರಾ ರೋಗಾಣು ಕರುಳನ್ನು ಕಚ್ಚಿ ತಿನ್ನುವುದಿಲ್ಲ. ಅದು ನಂಜೊಂದನ್ನು ಬಿಡುತ್ತದೆ. ಕಲ್ಕತ್ತೆಯ ಶಂಭುನಾಥ ಡೇ ಮೊಲದ ಕರುಳಿನ ತುಣುಕಿಗೆ ಗಂಟು ಹಾಕಿ, ಅದರೊಳಗೆ ರೋಗಾಣುವಿಲ್ಲದ ಬರಿಯ ದ್ರಾವಣ ಬಿಟ್ಟು, ಈ ನಂಜಿನ ಕೈವಾಡವನ್ನು 1959ರಲ್ಲಿ ಸಾಬೀತು ಮಾಡಿದರು. ನಂಜು ತಗುಲಿದ ಜೀವಕೋಶ ಕ್ಲೋರೈಡನ್ನು ಕರುಳಿನೊಳಕ್ಕೆ ಸುರಿಯತೊಡಗುತ್ತದೆ. ಕ್ಲೋರೈಡಿನ ಬೆನ್ನಿಗೆ ಸೋಡಿಯಂ, ಅವೆರಡರ ಬೆನ್ನಿಗೆ ನೀರು. ಅಕ್ಕಚ್ಚಿನಂತೆ ಬೆಳ್ಳಗೆ, ತೆಳ್ಳಗೆ ಹೋಗುವ ಭೇದಿ ಅದೇ. ಜೋರಾದಾಗ ತಾಸಿಗೆ ಒಂದು ಲೀಟರಿನವರೆಗೂ ಹೋಗುತ್ತದೆ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಹೆಣವಾಗುವುದು ಸೋಂಕಿನ ವಿಷದಿಂದಲ್ಲ, ಮೈಯಲ್ಲಿ ರಕ್ತ ಹರಿಯಲು ಬೇಕಾದ ಉಪ್ಪುನೀರು ಬರಿದಾಗಿ.

ಹಾಗಾದರೆ ಕುಡಿಸಿದರಾಗದೆ? ಕುಡಿಸಿ ನೋಡಿದ್ದರು. ಬರಿ ನೀರು ಕುಡಿಸಿದರೆ ಭೇದಿ ಹೆಚ್ಚಾಯಿತು, ಉಪ್ಪು ಹಾಕಿ ಕುಡಿಸಿದರೂ ಹೆಚ್ಚಾಯಿತು. ಕರುಳಿನ ಒಳಪದರವೇ ಸುಲಿದುಹೋಗಿದೆ, ಅದು ಏನನ್ನೂ ಹೀರದು, ಅದಕ್ಕೆ ವಿಶ್ರಾಂತಿ ಕೊಡಬೇಕು ಎಂಬುದು ಪಂಡಿತರ ತೀರ್ಮಾನ. ನಮ್ಮ ಹಿರಿಯರ ‘ಭೇದಿ ನಿಲ್ಲೋವರೆಗೂ ಹೊಟ್ಟೆಗೇನೂ ಕೊಡಬೇಡ’ ಎಂಬ ಮಾತೂ ಆ ಪಂಡಿತರ ಮಾತೂ ಬೇರೆಯಲ್ಲ. ಆದರೆ ಬ್ಯಾಂಕಾಕಿನಲ್ಲಿ ಕಾಲರಾ ರೋಗಿಗಳ ಕರುಳಿನ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಒಳಪದರ ನೆಟ್ಟಗೇ ಇತ್ತು.

ಬೀಗದ ಕೈ ಸಿಕ್ಕಿದ್ದು ಕಾಲರಾದ ಯೋಚನೆಯೇ ಇಲ್ಲದವರೊಬ್ಬರಿಗೆ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ, ಸಣ್ಣಕರುಳು ಸಕ್ಕರೆಯನ್ನು ಹೀರಿಕೊಳ್ಳುವುದು ಹೇಗೆಂದು ವಿವರಿಸಿದರು. ಕರುಳಿನ ಕೋಶದ ಹೊಸ್ತಿಲಲ್ಲಿ ಒಂದು ಪ್ರೋಟೀನು ಜೋಡಿಯಾಗಿ ಬಂದವರನ್ನಷ್ಟೇ ಒಳಕ್ಕೆ ಬಿಡುವ ಕಾವಲುಗಾರನಂತೆ ನಿಂತಿದೆ. ಸೋಡಿಯಂ ಒಂದೇ ಬಂದರೆ ಬಿಡದು, ಗ್ಲೂಕೋಸ್ ಒಂದೇ ಬಂದರೂ ಬಿಡದು. ಎರಡು ಸೋಡಿಯಂ ಕಣ, ಒಂದು ಗ್ಲೂಕೋಸ್ ಕಣ ಸೇರಿ ಬಂದರೆ ಮೂರಕ್ಕೂ ಪ್ರವೇಶ. ಇವು ಒಳಹೋದ ಮೇಲೆ ನೀರನ್ನು ಬೇರೆಯಾಗಿ ಕರೆಯಬೇಕಿಲ್ಲ, ಅದು ತಾನಾಗಿ ಹಿಂಬಾಲಿಸುತ್ತದೆ. ಕಾಲರಾದ ನಂಜು ಇಡೀ ಕರುಳನ್ನು ಕೆಡಿಸಿಟ್ಟರೂ ಈ ಒಂದು ದಾರಿಯನ್ನು ಮುಟ್ಟುವುದಿಲ್ಲ. ಒಆರ್‌ಎಸ್ ಎಂಬ ಪವಾಡವೆಲ್ಲ ನಿಂತಿರುವುದು ಈ ಒಂದು ಲೋಪದ ಮೇಲೆ.

ಇಲ್ಲೊಂದು ಬೇಸರದ ಸಂಗತಿ ಇದೆ. ಕ್ರೇನ್‌ಗಿಂತ ಏಳು ವರ್ಷ ಮೊದಲೇ, 1953ರಲ್ಲಿ, ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್ ಬೆರೆಸಿ 186 ಕಾಲರಾ ರೋಗಿಗಳಿಗೆ ಬಾಯಿಂದಲೇ ಕೊಟ್ಟು ಗುಣಪಡಿಸಿ, ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಭೇದಿ ಹಿಡಿದು ನಿಲ್ಲಿಸಲು ಅವರು ಬಳಸಿದ್ದು ನಮ್ಮ ಹಿತ್ತಿಲಿನ ದೊಡ್ಡಪತ್ರೆಯ ರಸ! ರೋಗಿಗಳ ಕಾಯಿಲೆ ತೀರಾ ಉಲ್ಬಣಿಸಿದ್ದಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ಎಷ್ಟು ಹೋಯಿತು ಎಷ್ಟು ಒಳಬಂತು ಎಂಬ ಅಳತೆ ಇರಲಿಲ್ಲ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಆ ಲೇಖನ ಕಲ್ಕತ್ತೆಯ ಬದಲು ಲಂಡನ್ನಿನ ಆಸ್ಪತ್ರೆಯಿಂದ ಬಂದಿದ್ದರೆ ಯಾರಾದರೂ ಆ ಪ್ರಯೋಗವನ್ನು ಸರಿಯಾಗಿ ಮತ್ತೊಮ್ಮೆ ಮಾಡಿ ನೋಡುತ್ತಿರಲಿಲ್ಲವೆ? ಮಾಡುತ್ತಿದ್ದರು ಎಂದೇ ನನ್ನ ಅನಿಸಿಕೆ.

ಕೊನೆಗೆ ಅದನ್ನು ಅಳತೆಗಿಟ್ಟವರು ಢಾಕಾದ ಕಾಲರಾ ಸಂಶೋಧನಾಲಯದಲ್ಲಿದ್ದ ಇಬ್ಬರು ಅಮೆರಿಕನ್ ತರುಣರು, ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್. ಅವರಿಗಿಂತ ಮೊದಲು ಫಿಲಿಪೈನ್ಸಿನಲ್ಲಿ ಇಂಥದೇ ಪ್ರಯತ್ನ ನಡೆದು, ಲೆಕ್ಕ ತಪ್ಪಿ, ಕೆಲವು ರೋಗಿಗಳು ಸತ್ತಿದ್ದರಿಂದ ಹಿರಿಯರಿಗೆಲ್ಲ ಅಳುಕಿತ್ತು. ಈ ಇಬ್ಬರ ಉಪಾಯ ಸರಳ. ಕಾಲರಾ ವಾರ್ಡಿನ ಮಂಚವೆಂದರೆ ನಡುವೆ ತೂತಿರುವ ಕ್ಯಾನ್ವಾಸ್ ಮಂಚ, ಅದರಡಿ ಒಂದು ಬಕೆಟ್ಟು. ಬಕೆಟ್ಟಿಗೆ ಬಿದ್ದದ್ದನ್ನು ಅಳೆಯುವುದು, ಅಷ್ಟೇ ದ್ರಾವಣವನ್ನು ಕುಡಿಸುವುದು. ಕೈ ಬೀಸಿ ಅಂದಾಜು ಹೇಳುವಂತಿಲ್ಲ. 1968ರಲ್ಲಿ 29 ರೋಗಿಗಳ ಮೇಲೆ ನಡೆದ ಈ ಪ್ರಯೋಗದಲ್ಲಿ ಬಾಟಲಿ ಏರಿಸುವ ಅಗತ್ಯ ಶೇ 80ರಷ್ಟು ಇಳಿಯಿತು.

ಆಸ್ಪತ್ರೆಯೊಳಗಿನ ಮಾತು ಅದು. ಆಸ್ಪತ್ರೆಯೇ ಕುಸಿದಾಗ ಏನು ಎಂಬ ಪ್ರಶ್ನೆಗೆ ಮೂರೇ ವರ್ಷದಲ್ಲಿ ಉತ್ತರ ಕೊಡಬೇಕಾಗಿ ಬಂತು.

1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದವರು ಸುಮಾರು ಒಂದು ಕೋಟಿ ಜನ. ಗಡಿಯ ಈಚೆಗಿನ ಬನಗಾಂವ್ ಊರಿನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಮಳೆಗಾಲ ಬೇರೆ. ಅಲ್ಲಿಗೆ ಹೋದವರು ದಿಲೀಪ್ ಮಹಾಲನಬಿಸ್, ಕಲ್ಕತ್ತೆಯ ಮಕ್ಕಳ ವೈದ್ಯರು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಅವರ ವಾಂತಿ, ಅವರ ಭೇದಿ. ಅದರಲ್ಲೇ ಮಂಡಿಯೂರಿ ಕೂತು ಸೂಜಿ ಚುಚ್ಚಬೇಕು. ಎರಡು ದಿನ ಕಳೆಯುವಷ್ಟರಲ್ಲಿ, ಇರುವ ಬಾಟಲಿಗಳಿಂದಲೂ ಇರುವ ಕೈಗಳಿಂದಲೂ ಇದು ಆಗದ ಕೆಲಸವೆಂದು ಅವರಿಗೆ ಮನವರಿಕೆಯಾಯಿತು. ಒಆರ್‌ಎಸ್ ಆಗಿನ್ನೂ ಸಂಶೋಧನಾಲಯದ ಹೊರಗೆ ಕಾಲಿಟ್ಟಿರಲಿಲ್ಲ. ತಜ್ಞರ ಕಣ್ಗಾವಲಿಲ್ಲದೆ ಅದನ್ನು ಕೊಡಬಾರದೆಂಬುದೇ ವಾಡಿಕೆ. ಮಹಾಲನಬಿಸ್ ಆ ವಾಡಿಕೆಯನ್ನು ಮುರಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಎಲ್ಲವೂ ಕಲ್ಕತ್ತೆಯ ಪೇಟೆಯಲ್ಲೇ ಸಿಗುವಂಥವು. ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯಿಂದ ಚೀಲದ ಬಾಯಿ ಮುಚ್ಚಿದರು. ಶಿಬಿರಕ್ಕೆ ತಂದು ದೊಡ್ಡ ಡ್ರಮ್ಮುಗಳಲ್ಲಿ ಕಲಸಿ, ಡ್ರಮ್ಮಿಗೆ ನಲ್ಲಿ ಕೂರಿಸಿದರು. ತಾಯಿ, ಅಕ್ಕ, ಗಂಡ, ನೆರೆಯವರು ಯಾರಾದರೂ ಬಂದು ಲೋಟದಲ್ಲಿ ಹಿಡಿದುಕೊಂಡು ಹೋಗಿ ತಮ್ಮವರಿಗೆ ಕುಡಿಸಬಹುದು. ಔಷಧ ಎಂದರೆ ಜನ ಚಮಚದಲ್ಲಿ ಅಳೆಯುತ್ತಾರೆ, ಹೆಚ್ಚಾದರೆ ಎಂದು ಹೆದರುತ್ತಾರೆ. ‘ಓರಲ್ ಸಲೈನ್’ ಎಂದಾಗ ಮಾತ್ರ ಅವರಿಗೆ ನೆಮ್ಮದಿ, ಯಾಕೆಂದರೆ ಸಲೈನ್ ಎಂದರೆ ಬಾಟಲಿ, ಬಾಟಲಿ ಎಂದರೆ ಬದುಕು.

ಬರಿ ಬಾಟಲಿಯನ್ನು ನಂಬಿದ್ದಾಗ ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದ ಕಡೆ, ಡ್ರಮ್ಮು ಬಂದ ಮೇಲೆ ಸಾಯುವವರು 3.6ಕ್ಕೆ ಇಳಿದರು. ವೈದ್ಯಕೀಯ ಪತ್ರಿಕೆಗಳು ಇದರ ವರದಿಯನ್ನು ಸುಲಭಕ್ಕೆ ಒಪ್ಪಲಿಲ್ಲ. ಅದು ಅಚ್ಚಾಗಿದ್ದು 1973ರಲ್ಲಿ. 1978ರ ಹೊತ್ತಿಗೆ ‘ಲ್ಯಾನ್ಸೆಟ್’ ಸಂಪಾದಕೀಯವೇ, ಉಪ್ಪು ಸಕ್ಕರೆಯ ಈ ಜೋಡಿ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದು ಎಂದು ಬರೆಯಿತು. ಮಹಾಲನಬಿಸ್‌ರಿಗೆ ದೇಶ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೂರು ತಿಂಗಳ ಮೇಲೆ.

ಪೊಟ್ಟಣವೂ ಸಿಗದ ಹಳ್ಳಿಗೆ ಏನು ಮಾಡುವುದು? ಹೊಸದಾಗಿ ಹುಟ್ಟಿದ್ದ ಬಾಂಗ್ಲಾದೇಶದಲ್ಲಿ ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆ ಮನೆಗೆ ಹೆಣ್ಣುಮಕ್ಕಳನ್ನು ಕಳಿಸಿತು. ಅವರು ಒಲೆಯ ಮುಂದೆ ಕೂತು ತಾಯಂದಿರಿಗೆ ಕಲಿಸಿದ್ದು ಇಷ್ಟು: ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಬಂದವರಿಗೆ ಸಂಬಳ ಎಷ್ಟೆಂದು ಗೊತ್ತಾಗುತ್ತಿದ್ದುದು ಕೆಲವು ವಾರ ಕಳೆದ ಮೇಲೆ. ಇನ್ನೊಬ್ಬರು ಹೋಗಿ ಆ ತಾಯಿಯನ್ನು ವಿಚಾರಿಸಿ, ಆಕೆಗೆ ಎಷ್ಟು ನೆನಪಿದೆಯೋ ಅಷ್ಟಕ್ಕೆ ದುಡ್ಡು. ಹೀಗೆ ಮುಟ್ಟಿದ ಮನೆಗಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಆರಂಭದಲ್ಲಿ ತಾಯಂದಿರು ಪಾಠ ಒಪ್ಪಿಸುತ್ತಿದ್ದರೂ ಮಗುವಿಗೆ ಭೇದಿಯಾದಾಗ ಅದನ್ನು ಕುಡಿಸುತ್ತಿರಲಿಲ್ಲ. ಹುಡುಕಿದಾಗ ಕಂಡದ್ದು, ಕಲಿಸಲು ಹೋದವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ! ತಮಗೆ ಭೇದಿಯಾದರೆ ಅವರೂ ಮಾತ್ರೆ ನುಂಗುತ್ತಿದ್ದರು.

ಕರಾವಳಿಯ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ಉಪ್ಪು ಹಾಕಿ ಕೊಡುವ ಗಂಜಿತಿಳಿಯೂ ಇದೇ ತತ್ವದ್ದು. ಅನ್ನದ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಸೋಡಿಯಂಗೆ ಜೊತೆ ಸಿಕ್ಕುತ್ತಲೇ ಇರುತ್ತದೆ, ಕರುಳಿನಲ್ಲಿ ಸಕ್ಕರೆ ಒಮ್ಮೆಲೇ ತುಂಬಿಕೊಳ್ಳುವುದಿಲ್ಲ. ಅಕ್ಕಿಯಿಂದ ಮಾಡಿದ ಒಆರ್‌ಎಸ್ ಕಾಲರಾದಲ್ಲಿ ಗ್ಲೂಕೋಸಿನದಕ್ಕಿಂತ ಒಂದು ಕೈ ಮೇಲೆಂದು ಪ್ರಯೋಗಗಳೇ ಹೇಳಿವೆ. ಉಪ್ಪು ಹಾಕಿದ ಮಜ್ಜಿಗೆಗೂ ಮರ್ಯಾದೆ ಇದೆ. ಎಳನೀರಿನ ವಿಷಯದಲ್ಲಿ ಮಾತ್ರ ನಮ್ಮದು ಅತಿಭಕ್ತಿ. ಅದರಲ್ಲಿ ಪೊಟ್ಯಾಸಿಯಂ ಯಥೇಚ್ಛ, ಸೋಡಿಯಂ ಕಡಿಮೆ. ಬಾಯಾರಿಕೆಗೆ ಅಮೃತ, ಆದರೆ ಜೋರು ಭೇದಿಗೆ ಅದೊಂದನ್ನೇ ನೆಚ್ಚಿ ಕೂರಬಾರದು. ಕಿಡ್ನಿ ಕೆಟ್ಟವರಿಗಂತೂ ಆ ಪೊಟ್ಯಾಸಿಯಮ್ಮೇ ಕುತ್ತು ತರಬಹುದು.

ಒಮ್ಮೆಲೇ ತುಂಬಿಕೊಂಡ ಸಕ್ಕರೆ ಕೇಡು ಮಾಡುವುದು ಹೇಗೆಂದರೆ, ಕರುಳಿನಲ್ಲಿ ಕರಗಿದ ಕಣಗಳು ರಕ್ತದಲ್ಲಿರುವುದಕ್ಕಿಂತ ಹೆಚ್ಚಾದರೆ ನೀರು ಒಳಕ್ಕೆ ಹೋಗುವ ಬದಲು ಮೈಯಿಂದ ಕರುಳಿಗೆ ಇಳಿದುಬರುತ್ತದೆ. ಅದಕ್ಕೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ಹಳೆಯ ಸೂತ್ರವನ್ನು ತೆಳುಮಾಡಿದವು. ಲೀಟರಿಗೆ 20 ಗ್ರಾಂ ಇದ್ದ ಗ್ಲೂಕೋಸ್ 13.5ಕ್ಕೆ, 3.5 ಗ್ರಾಂ ಇದ್ದ ಉಪ್ಪು 2.6ಕ್ಕೆ ಇಳಿಯಿತು. ಉಳಿದಂತೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಕಡಿಮೆ ಮಾಡಿದ್ದರಿಂದಲೇ ಮಕ್ಕಳ ವಾಂತಿ ಕಡಿಮೆಯಾಯಿತು, ಬಾಟಲಿ ಏರಿಸಬೇಕಾದ ಪ್ರಸಂಗ ಮೂರನೇ ಒಂದರಷ್ಟು ತಗ್ಗಿತು.

ಈ ಲೆಕ್ಕ ಗೊತ್ತಿದ್ದವರಿಗೆ ಮೆಡಿಕಲ್ ಶಾಪಿನ ಶೆಲ್ಫಿನಲ್ಲಿ ‘ಒಆರ್‌ಎಸ್’ ಎಂಬ ಅಕ್ಷರ ಹೊತ್ತ ಬಣ್ಣದ ಟೆಟ್ರಾ ಪ್ಯಾಕ್‌ಗಳನ್ನು ಕಂಡಾಗ ಮೈ ಉರಿಯುತ್ತಿದ್ದುದು ಸಹಜ. ಹಣ್ಣಿನ ರುಚಿಯ ಆ ಪಾನೀಯಗಳಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇದ್ದವೂ ಇದ್ದವು. ಭೇದಿಯಾದ ಮಗುವಿಗೆ ಅದನ್ನು ಕುಡಿಸಿದರೆ ಭೇದಿಗೇ ಇಂಬು ಕೊಟ್ಟಂತೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಪತ್ರ ಬರೆದರು, ಕೋರ್ಟು ಹತ್ತಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ನಿಗದಿತ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ‘ಒಆರ್‌ಎಸ್’ ಬಳಸಕೂಡದೆಂದು ಆದೇಶಿಸಿತು. ಹಾಗಿದ್ದರೂ ಕೊಳ್ಳುವಾಗ ಪೊಟ್ಟಣ ತಿರುಗಿಸಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡುವುದು ಒಳ್ಳೆಯದು. ಒಂದು ಲೀಟರಿನ ಪೊಟ್ಟಣವನ್ನು ಪೂರಾ ಒಂದು ಲೀಟರಿಗೇ ಕಲಸಬೇಕು. ಲೋಟಕ್ಕೆ ಚೂರು ಉದುರಿಸಿದರೆ ಲೆಕ್ಕವೆಲ್ಲ ಕೆಟ್ಟಿತು. ಕಲಸಿದ್ದು 24 ತಾಸು ದಾಟಿದರೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದ ತಲೆಗೀರಿದ ಅಳತೆಯಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗು ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಬೇಕು.

ಇಷ್ಟೆಲ್ಲ ಕಾಯಿಲೆಯ ಕಥೆ. ಭೇದಿಯೂ ಇಲ್ಲ, ಬೆವರೂ ಇಲ್ಲ, ಏಸಿ ಕೋಣೆಯಲ್ಲಿ ಕುರ್ಚಿಗೆ ಅಂಟಿಕೂತ ಮನುಷ್ಯನಿಗೆ ಉಪ್ಪು ಏನು ಮಾಡುತ್ತದೆ?

60 ಕೆಜಿ ತೂಕದವನ ಮೈಯಲ್ಲಿ 36 ಲೀಟರ್ ಆಸುಪಾಸು ನೀರು. ಅದರ ಮೂರನೇ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ಹೊರಗಿನ ನೀರಿನ ಯಜಮಾನ ಸೋಡಿಯಂ. ಅದು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ನೀರನ್ನು ಮೈ ಹಿಡಿದಿಟ್ಟುಕೊಳ್ಳುತ್ತದೆ. ‘ಉಪ್ಪು ತಿಂದವ ನೀರು ಕುಡಿಯಲೇಬೇಕು’ ಎಂದು ನಾವು ಬೇರೆಯದೇ ಅರ್ಥದಲ್ಲಿ ಹೇಳುವ ಮಾತಿಗೆ ಮೈಯೊಳಗೆ ಅಕ್ಷರಶಃ ಲೆಕ್ಕ ಉಂಟು: 9 ಗ್ರಾಂ ಉಪ್ಪು ಹೆಚ್ಚಾಗಿ ಉಳಿದರೆ ಅದರ ಜೊತೆ ಒಂದು ಲೀಟರ್ ನೀರೂ ಉಳಿಯುತ್ತದೆ, ಅಂದರೆ ಒಂದು ಕೆಜಿ ತೂಕ. ಹೃದಯ ಸೋತವರಿಗೆ ಡಾಕ್ಟರು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಲು ಹೇಳುವುದು ಇದಕ್ಕೇ. ಹಿಂದಿನ ದಿನದ ಮದುವೆಮನೆಯ ಹಪ್ಪಳ, ಉಪ್ಪಿನಕಾಯಿ ಮರುದಿನದ ಕಾಲೂತದಲ್ಲಿ ಪ್ರತ್ಯಕ್ಷವಾಗುತ್ತವೆ.

ಆರೋಗ್ಯವಂತರ ಕಿಡ್ನಿಗಳು ಈ ಹೊರೆಯನ್ನು ಸದ್ದಿಲ್ಲದೆ ಹೊರುತ್ತವೆ. ಅವು ದಿನಕ್ಕೆ ಸೋಸುವ ದ್ರವ 180 ಲೀಟರ್. ಅದರಲ್ಲಿ ಕರಗಿರುವ ಉಪ್ಪು ಒಂದೂವರೆ ಕೆಜಿಯಷ್ಟು. ಹೆಚ್ಚುಕಡಿಮೆ ಅಷ್ಟನ್ನೂ ವಾಪಸು ಹೀರಿಕೊಂಡು, ನಾವು ತಿಂದ ಏಳೆಂಟು ಗ್ರಾಂ ಎಷ್ಟೋ ಅಷ್ಟನ್ನು ಮಾತ್ರ ಮೂತ್ರಕ್ಕೆ ಬಿಡುತ್ತವೆ. ಉಪ್ಪು ಸಿಗದ ಕಾಡಿನಲ್ಲಿ ಬೆಳೆದ ಅಂಗ ಅದು. ಉಳಿಸುವುದರಲ್ಲಿ ಪಳಗಿದೆ, ಚೆಲ್ಲುವುದರಲ್ಲಿ ಅಷ್ಟಿಲ್ಲ. ಬ್ರೆಜಿಲ್ಲಿನ ಯಾನೊಮಾಮಿ ಬುಡಕಟ್ಟಿನವರು ಉಪ್ಪನ್ನೇ ಸೇರಿಸದೆ ಉಣ್ಣುತ್ತಾರೆ. 52 ಕೇಂದ್ರಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಅಧ್ಯಯನದಲ್ಲಿ ಅತಿ ಕಡಿಮೆ ರಕ್ತದೊತ್ತಡ ಇದ್ದುದು ಅವರಿಗೆ. ವಯಸ್ಸಾದರೂ ಅದು ಏರುತ್ತಿರಲಿಲ್ಲ. ನಮ್ಮಲ್ಲಿ ವಯಸ್ಸಿನ ಜೊತೆ ಬಿಪಿ ಏರುವುದನ್ನು ನರೆಗೂದಲಿನಷ್ಟು ಸಹಜವೆಂದುಕೊಂಡಿದ್ದೇವೆ.

ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ, ಅದರೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ತಿನ್ನುವುದು ಸರಾಸರಿ 8 ಗ್ರಾಂ ಆಸುಪಾಸು. ಅಮೆರಿಕದವರ ಉಪ್ಪು ಬಹುಪಾಲು ಪ್ಯಾಕೆಟ್ಟಿನಿಂದ, ಹೋಟೆಲಿನಿಂದ ಬರುತ್ತದೆ. ನಮ್ಮದು ಇನ್ನೂ ಹೆಚ್ಚಾಗಿ ಅಡುಗೆಮನೆಯದು. ಅನ್ನಕ್ಕೆ ನಾವು ಉಪ್ಪು ಹಾಕುವುದಿಲ್ಲ, ಬಹಳ ಮನೆಗಳ ಮುದ್ದೆಗೂ ಇಲ್ಲ. ಆ ಸಪ್ಪೆಯನ್ನು ಸರಿದೂಗಿಸಲು ಸಾರು, ಚಟ್ನಿ, ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿಗಳು ಇವೆಯಲ್ಲ! ಪ್ಯಾಕೆಟ್ ತಿಂಡಿಯ ಮೇಲೆ ಬರೆದಿರುವುದು ಸೋಡಿಯಂ ಲೆಕ್ಕ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಗುಣಿಸಿ ನೋಡಿದವರು ಆ ಕುರುಕಲನ್ನು ಅರ್ಧಕ್ಕೇ ಕೆಳಗಿಟ್ಟಾರು.

ಅಡುಗೆಮನೆಯ ಉಪ್ಪನ್ನೇ ಬದಲಿಸಿದರೆ? ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಹೀಗೆ ಪರೀಕ್ಷಿಸಿದರು. ಅರ್ಧದಷ್ಟು ಹಳ್ಳಿಗಳಿಗೆ ಮಾಮೂಲಿ ಉಪ್ಪು, ಉಳಿದವಕ್ಕೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪು. 2021ರಲ್ಲಿ ಬಂದ ಫಲಿತಾಂಶದಂತೆ, ಉಪ್ಪು ಬದಲಿಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆ. ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ನುಂಗುವವರು ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಗುಲಾಬಿ ಉಪ್ಪಿಗೆ ಮಾತ್ರ ಇಂಥ ಯಾವ ಗುಣವೂ ಇಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದಲ್ಲಿ ಬಿಸಿಲಿಗೆ ಹರಳುಗಟ್ಟುವುದೂ, ಪಾಕಿಸ್ತಾನದ ಖೇವ್ರಾ ಗಣಿಯಲ್ಲಿ ಅಗೆದು ತೆಗೆಯುವುದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಗುಲಾಬಿ ಬಣ್ಣ ಕೊಡುವ ಚೂರು ಕಬ್ಬಿಣಕ್ಕೆ ಹತ್ತು ಪಟ್ಟು ಬೆಲೆ ತೆರುವುದು ಅವರವರ ಖುಷಿ, ಆದರೆ ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ ಎಂಬುದು ಗೊತ್ತಿರಲಿ. ಗಳಗಂಡ ನಮ್ಮಲ್ಲಿ ಹಿಂದೆ ಸರಿದಿದ್ದು ಅಯೋಡಿನ್ ಬೆರೆತ ಉಪ್ಪಿನಿಂದ.

ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮೇ ಬಂತೆಂದರೆ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆ ಹೊತ್ತಿಗೆ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವವರು, ಗಾರೆ ಕೆಲಸದವರು ಲೀಟರುಗಟ್ಟಲೆ ಬೆವರು ಸುರಿಸಿರುತ್ತಾರೆ. ಒಂದು ಲೀಟರ್ ಬೆವರಿನಲ್ಲಿ ಒಂದರಿಂದ ಮೂರು ಗ್ರಾಂ ಉಪ್ಪು ಹೋಗುತ್ತದೆ. ಬಿಸಿಲಿಗೆ ಒಂದೆರಡು ವಾರ ಒಗ್ಗಿದ ಮೈ ಬೆವರಿನಿಂದ ಉಪ್ಪನ್ನು ವಾಪಸು ಎಳೆದುಕೊಳ್ಳಲು ಕಲಿಯುತ್ತದೆ, ಹೊಸಬನ ಬೆವರು ಮಾತ್ರ ಅಂಗಿಯ ಮೇಲೆ ಬಿಳಿ ಗೆರೆ ಬರೆಯುತ್ತದೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಆಳದ ಕಲ್ಲಿದ್ದಲು ಗಣಿಗಳಲ್ಲಿ, ಬೆವರಿ ಬರಿ ನೀರು ಕುಡಿದವರಿಗೆ ಕೈಕಾಲು ಸೆಳೆತ ಬರುವುದನ್ನೂ, ನೀರಿಗೆ ಉಪ್ಪು ಹಾಕಿದರೆ ಅದು ನಿಲ್ಲುವುದನ್ನೂ ವೈದ್ಯರು ಗುರುತಿಸಿದ್ದರು. ಇಂಥವರಿಗೆ ಉಪ್ಪಿನ ಮಜ್ಜಿಗೆ, ಅಂಬಲಿ, ಉಪ್ಪು ಸಕ್ಕರೆಯ ನಿಂಬೆ ಶರಬತ್ತು ಬೇಕೇ ಬೇಕು. ಏಸಿ ಕೋಣೆಯವರಿಗೆ ಮಾರುವ ಎಲೆಕ್ಟ್ರೊಲೈಟ್ ಪುಡಿ, ಬೆಳಿಗ್ಗೆ ಎದ್ದು ಬಿಸಿನೀರಿಗೆ ಉಪ್ಪು ಹಾಕಿ ಕುಡಿಯಿರೆಂಬ ವಾಟ್ಸ್ಆ್ಯಪ್ ಉಪದೇಶ ಇವೆಲ್ಲ ಬೇಕಿಲ್ಲ. ಅವರ ಉಪ್ಪು ಬೆಳಗಿನ ತಿಂಡಿಯಲ್ಲೇ ಬಂದಿರುತ್ತದೆ.

ನೀರು ಹೆಚ್ಚಾದರೂ ಅಪಾಯವಿದೆ ಎಂದರೆ ಜನ ನಗುತ್ತಾರೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಇಳಿದಿತ್ತು, ಮೂವರಲ್ಲಿ ಜೀವಕ್ಕೇ ಅಪಾಯವಾಗುವಷ್ಟು. ಆ ಓಟದಲ್ಲಿ ಒಬ್ಬ ತರುಣಿ ಇದರಿಂದಲೇ ಸತ್ತಳು. ಹೆಚ್ಚು ಸಿಕ್ಕಿಬಿದ್ದವರು ಓಡುತ್ತಾ ಓಡುತ್ತಾ ತೂಕ ಹೆಚ್ಚಿಸಿಕೊಂಡವರು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ಕುಡಿದದ್ದು ಬರಿ ನೀರೋ ಕ್ರೀಡಾಪಾನೀಯವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ, ಏಕೆಂದರೆ ಆ ಪಾನೀಯಗಳಲ್ಲೂ ರಕ್ತಕ್ಕೆ ಹೋಲಿಸಿದರೆ ಸೋಡಿಯಂ ಅತ್ಯಲ್ಪ.

ಮ್ಯಾರಥಾನ್ ನಮ್ಮ ಬಹುತೇಕ ಮನೆಗಳಿಗೆ ದೂರ. ಆದರೆ ‘ಅಜ್ಜಿಗೆ ಸೋಡಿಯಂ ಇಳಿದಿದೆಯಂತೆ, ಅಡ್ಮಿಟ್ ಮಾಡಿದ್ದಾರೆ’ ಎಂಬ ಫೋನು ಈಗ ಮನೆಮನೆಗೂ ಬರುತ್ತಿದೆ. ಎರಡು ದಿನದಿಂದ ಮಂಕು, ಹೊತ್ತುಗೊತ್ತಿಲ್ಲದ ಮಾತು, ನಡೆದರೆ ಜೋಲಿ. ಮನೆಯವರು ಅರಳುಮರಳು ಎಂದುಕೊಂಡಿರುತ್ತಾರೆ. ರಕ್ತದ ಸೋಡಿಯಂ 135ರಿಂದ 145 ಇರಬೇಕಾದ್ದು 115ಕ್ಕೆ ಬಂದಿರುತ್ತದೆ. ಕೇಳಿದವರೆಲ್ಲ ಕೊಡುವ ಸಲಹೆ ಒಂದೇ: ‘ಪಾಪ, ಬಿಪಿ ಅಂತ ಸಪ್ಪೆ ತಿನ್ನಿಸಿದ್ರಿ, ಸ್ವಲ್ಪ ಉಪ್ಪು ಜಾಸ್ತಿ ಹಾಕಿ.’ ಎಷ್ಟೋ ಸಲ ಅಜ್ಜಿಯ ಮೈಯಲ್ಲಿ ಉಪ್ಪು ಕಡಿಮೆಯಾಗಿರುವುದೇ ಇಲ್ಲ, ನೀರು ಹೆಚ್ಚಾಗಿರುತ್ತದೆ. ಬಿಪಿಗೆಂದು ಕೊಡುವ ಕೆಲವು ಮೂತ್ರವರ್ಧಕ ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಪುಪ್ಪುಸದ ಸೋಂಕು, ಇವು ಕಿಡ್ನಿ ನೀರನ್ನು ಹೊರಹಾಕದಂತೆ ತಡೆಯುತ್ತವೆ. ಅದರ ಮೇಲೆ ಮೊಮ್ಮಕ್ಕಳು ಪ್ರೀತಿಯಿಂದ ‘ನೀರು ಕುಡಿ ಅಜ್ಜಿ, ದಿನಕ್ಕೆ ಮೂರು ಲೀಟರ್’ ಎಂದು ಬಾಟಲಿ ಕೈಗಿಡುತ್ತಾರೆ. ಇಂಥವರಿಗೆ ಡಾಕ್ಟರು ಮೊದಲು ಮಾತ್ರೆಯ ಪಟ್ಟಿ ನೋಡುತ್ತಾರೆ, ಆಮೇಲೆ ನೀರಿಗೆ ಮಿತಿ ಹಾಕುತ್ತಾರೆ. ಬಾಯಾರಿದ ಮುದುಕಿಗೆ ನೀರು ಕೊಡಬೇಡಿ ಎನ್ನುವ ಡಾಕ್ಟರು ಮನೆಯವರ ಕಣ್ಣಿಗೆ ಕಟುಕನಂತೆ ಕಾಣುತ್ತಾನೆ.

ಅದಕ್ಕಿಂತ ಹೆಚ್ಚು ಜಗಳವಾಗುವುದು ನಿಧಾನದ ವಿಷಯಕ್ಕೆ. ಸೋಡಿಯಂ 115 ಇದ್ದರೆ ಇಂದೇ 135 ಮಾಡಿ ಕಳಿಸಬಾರದೇ ಎಂದು ಮಗ ಕೇಳುತ್ತಾನೆ. ಮಾಡಬಾರದು. ರಕ್ತ ತೆಳುವಾದಾಗ ಮಿದುಳಿನ ಕೋಶಗಳು ಊದಿಕೊಳ್ಳದಿರಲು ತಮ್ಮೊಳಗಿನ ಕಣಗಳನ್ನು ಹೊರಚೆಲ್ಲಿ ಹೊಂದಿಕೊಂಡಿರುತ್ತವೆ. ಆಗ ಹೊರಗಿನ ಉಪ್ಪು ಒಮ್ಮೆಲೇ ಏರಿದರೆ ಮಿದುಳಿನಿಂದ ನೀರು ಸರ್ರನೆ ಹೊರಕ್ಕೆ ಬರುತ್ತದೆ, ಮಿದುಳುಕಾಂಡದ ನರತಂತುಗಳ ಹೊದಿಕೆ ಕಳಚುತ್ತದೆ, ಮಾತು, ನುಂಗುವುದು, ಕೈಕಾಲು ಎಲ್ಲ ಹೋಗಬಹುದು. ಅದಕ್ಕೇ 24 ತಾಸಿನಲ್ಲಿ ಎಂಟರಿಂದ ಹತ್ತು ಅಂಕಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ, ಕೆಲವು ತಾಸಿಗೊಮ್ಮೆ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಅಜ್ಜಿ ಆಸ್ಪತ್ರೆಯಲ್ಲಿ ಮೂರ್ನಾಲ್ಕು ದಿನ ಇರಬೇಕಾಗುವುದೂ, ಪದೇ ಪದೇ ರಕ್ತಪರೀಕ್ಷೆಯ ಬಿಲ್ಲು ಬರುವುದೂ ಇದಕ್ಕಾಗಿ.